ಹಿಡಿಯ ಬುಡ

ಲೆಕ್ಕ ಬರೆಯುವವನು ಬಂದದ್ದು ಜವೆಕೊಯ್ಲು ಮುಗಿದ ಮೇಲೆ,
ಕುಂಟು ಕತ್ತೆಯೊಂದರ ಮೇಲೆ,
ಮಸಿಯ ಕೊಂಬು ಸೊಂಟಕ್ಕೆ ಸಿಕ್ಕಿಸಿಕೊಂಡು.
ಇದು ಯಾವ ಊರು, ಅಂದ.
ನೆಟಾಯಿಮ್, ಅಂದೆವು. ಆ ಕಲ್ಲುಗೋಡೆಯಾಚೆ ಗೆದೇರಾ.

ನೆಟ್ಟ ಗಿಡಗಳು ಅಂತ ನಮ್ಮೂರ ಹೆಸರಿನ ಅರ್ಥ.
ನೆಟ್ಟವರು ಯಾರು, ಕೇಳಬೇಡಿ.
ಉಳಿದಿರುವುದು ಎರಡು ಕಾಡತ್ತಿ, ಸಪ್ಪೆನೀರಿನ ಒಂದು ಬಾವಿ,
ಹದಿನೇಳು ತಿಗರಿ,
ಚಳಿಮಳೆಯಲ್ಲೂ ಆರದ ಒಂದು ಆವಿಗೆ.

ಮಣ್ಣು ತರುವುದು ಏಲಾ ಕಣಿವೆಯ ತಳದಿಂದ.
ಯಾರೋ ಯಾರನ್ನೋ ಕವಣೆಕಲ್ಲಿನಲ್ಲಿ ಕೊಂದ ಜಾಗವಂತೆ ಅದು,
ಹಾಡುವವರು ಅದನ್ನೇ ಹಾಡುತ್ತಾರೆ.
ನಮಗೆ ಗೊತ್ತಿರುವುದು ಮೊಣಕಾಲುದ್ದ ಅಗೆದರೆ ಸಿಗುವ
ಮರಳಿಲ್ಲದ ಕೆಂಪು ಜಿಗುಟು.

ಯೆಹೂದದ ಮಕ್ಕಳ ಕವಲುಗಳನ್ನೆಲ್ಲ ಬರೆಯುತ್ತಿದ್ದಾನಂತೆ,
ಯಾರಿಗೆ ಯಾರು ಹುಟ್ಟಿದರು, ಯಾರು ಎಲ್ಲಿಗೆ ಹೋದರು.
ನಾರುಬಟ್ಟೆ ನೇಯುವ ಅಷ್ಬೇಯದವರಿಗೆ
ನಿನ್ನೆ ಅರ್ಧ ಸಾಲು ಸಿಕ್ಕಿತಂತೆ.
ಅಪ್ಪ ತಿಗರಿಯಿಂದ ಎದ್ದ.
ಕೈ ತೊಳೆಯದೆ, ಗಂಟಲು ಸರಿಮಾಡಿಕೊಂಡು,
ಮದುವೆ ಚಪ್ಪರದಲ್ಲಿ ನಿಂತವನ ಹಾಗೆ ಹೇಳತೊಡಗಿದ:
ನಾನು ಜಕ್ಕೂರ್, ನನ್ನಪ್ಪ ಹಷಬ್ಯ, ಅವನಪ್ಪ—
ಅರಸನ ಕೆಲಸದವರು ತಾನೇ?
ಹೌದು, ಅವನಪ್ಪ—
ಸಾಕು.

ಲೇಖನಿ ನಾಲ್ಕು ಸಲ ಕೆರೆಯಿತು.
ಕುಂಬಾರರು ಎಂದು ಬರೆದಿದ್ದ. ಯಾರ ಕೆಲಸವೆಂದು ಬರೆದಿದ್ದ.
ಜಕ್ಕೂರ್ ಅಂದರೆ ನೆನಪಿನಲ್ಲುಳಿದವನು, ಸ್ವಾಮೀ,
ಎಂದು ಹೇಳಲು ಬಾಯಿ ತೆರೆದೆ. ಹೇಳಲಿಲ್ಲ.
ಅವನ ಬೆರಳ ತುದಿ ಕಪ್ಪು, ನನ್ನದು ಕೆಂಪು.
ನನ್ನ ಹೆಸರು ಹೊಗ್ಲಾ. ಕೌಜುಗ ಹಕ್ಕಿ.
ಅದನ್ನಂತೂ ಅವನು ಕೇಳುವ ಮಾತಿರಲಿಲ್ಲ.

ಗುಡಾಣದ ಮೈ ಅಪ್ಪನದು, ಬಾಯಿ ತಮ್ಮನದು.
ಹಿಡಿ ನನ್ನದು. ಒಂದಕ್ಕೆ ನಾಲ್ಕು.
ಹಸಿಮಣ್ಣಿನ ಹುರಿ ಬಾಗಿಸಿ, ಭುಜಕ್ಕಂಟಿಸಿ
ಬುಡದಲ್ಲಿ ಹೆಬ್ಬೆರಳು ಒತ್ತಬೇಕು,
ಹಾಲು ಕುಡಿಯುವ ಕೂಸಿನ ಗಲ್ಲ ಒತ್ತಿದಷ್ಟು.
ಕೂಸು ಉಳಿಯದ ವರ್ಷ ನನಗೆ ಆ ಅಳತೆ ತಪ್ಪಿತ್ತು;
ಇಪ್ಪತ್ತು ಗುಡಾಣಗಳ ಹಿಡಿ ಕಳಚಿ ಬಿದ್ದವು.
ಯಾರೂ ಬಯ್ಯಲಿಲ್ಲ.

ಆಮೇಲೆ ಅರಸನ ಮುದ್ರೆಯವನು ಬರುತ್ತಾನೆ
ನಾಲ್ಕು ರೆಕ್ಕೆಯ ಜೀರುಂಡೆಯನ್ನು ಹಿಡಿಯ ಬೆನ್ನಿಗೊತ್ತಲು.
ಮಧ್ಯಾಹ್ನ ದ್ರಾಕ್ಷಾರಸ ಏರಿದ್ದರೆ
ಜೀರುಂಡೆ ತಲೆಕೆಳಗು.
ಮುದ್ರೆ ಬುಡದವರೆಗೆ ಇಳಿಯುವುದಿಲ್ಲ.

ಈ ವರ್ಷ ದುಪ್ಪಟ್ಟು ಬೇಕಂತೆ, ಎಣ್ಣೆಗೆ, ದ್ರಾಕ್ಷಾರಸಕ್ಕೆ,
ಕೋಟೆಯೂರುಗಳ ಉಗ್ರಾಣ ತುಂಬಬೇಕಂತೆ.
ಬಡಗಣ ದಿಕ್ಕಿನಿಂದ ಅಶ್ಶೂರದವರು ಹೊರಟಿದ್ದಾರೆ.
ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ:
ಅಪ್ಪ ಇದನ್ನು ನಗುತ್ತ ಹೇಳುತ್ತಿದ್ದ ಕಾಲವೊಂದಿತ್ತು.
ಈಗ ದೊಣ್ಣೆಯವರು ರಥ ಹೂಡಿಕೊಂಡು ಬರುತ್ತಿದ್ದಾರೆ,
ಅವನು ಮಣ್ಣು ತುಳಿಯುತ್ತಿದ್ದಾನೆ.

ಹೊರಡುವಾಗ ಬರೆಯುವವನು ತಡೆದು ನಿಂತ.
ಸುರುಳಿಗೆ ಹುಳ ಹತ್ತುತ್ತದೆ, ತೇವ ತಾಗುತ್ತದೆ,
ಇಡಲೊಂದು ಗಡಿಗೆ ಬೇಕಿತ್ತು, ಅಂದ,
ಅರಸನ ಪಾಲಿನದಲ್ಲ, ಮುದ್ರೆಯಿಲ್ಲದ್ದು, ಅಗ್ಗದ್ದು.
ಎರಡು ಗೇರಾ ಬೆಳ್ಳಿ, ಅಂದೆ.
ಒಂದು, ಅಂದ.
ಮನೆಗೆಂದು ಇಟ್ಟುಕೊಂಡದ್ದೊಂದು ಇತ್ತು,
ಸುಡುವಾಗ ಒಂದು ಪಕ್ಕ ತುಸು ಜೋತದ್ದು.
ತಂದುಕೊಟ್ಟೆ.

ಸುರುಳಿ ಸುತ್ತಿ ಒಳಗಿಳಿಸಿದ,
ಅರಸರು, ಅರಸರ ಮಕ್ಕಳು, ಶೇಲಹನ ಕವಲು,
ಕೊನೆಗೆ ಮಸಿ ಇನ್ನೂ ಆರದ ನಾವು.
ಬಾಯಿಗೆ ಬಟ್ಟೆ ಕಟ್ಟಿದ. ಎತ್ತಲು ಹಿಡಿಗೆ ಕೈಹಾಕಿದ.
ಅವನ ಹೆಬ್ಬೆರಳು ನನ್ನ ಗುಳಿಯಲ್ಲಿ ಕೂತಿತು.
ಆ ಗುಳಿ ಅವನಿಗೆ ತುಸು ದೊಡ್ಡದಾಯಿತು.

ಕೊನೆಗೂ ಒಂದೇ ಗೇರಾ ಕೊಟ್ಟ.